ದೋಣಿಗೆ ನಂಬರ್ ಬರೆದುಕೊಟ್ಟ ಮಂಡಿಪೇಟೆಯ ಪೇಂಟರ್

ದಾವಣಗೆರೆಯಲ್ಲಿ ದೋಣಿಗೆ ನಂಬರ್ ಬರೆಸಬೇಕು ಎಂದರೆ ಜನ ನಗುತ್ತಾರೆ. ನಕ್ಕರು ಕೂಡ. ಹರಿಹರದ ಆಚೆ ತುಂಗಭದ್ರೆಯ ದಂಡೆಯಲ್ಲಿ ನಮ್ಮ ತೋಟವಿದೆ. ಮನೆಯವರು ಸುತ್ತಾಡಲೆಂದು ಐದು ಜನ ಕೂರುವ ಫೈಬರ್ ದೋಣಿಯನ್ನು ಹೋದ ವರ್ಷ ಮಲ್ಪೆಯಿಂದ ತಂದೆ. ಬರೀ ಹುಟ್ಟು ಹಾಕುವ ದೋಣಿಯಾಗಿದ್ದರೆ ಸ್ಥಳೀಯ ಮಟ್ಟದಲ್ಲಿ ದಾಖಲು ಮಾಡಿಸಿದರೆ ಮುಗಿಯುತ್ತಿತ್ತು. ಮೋಟಾರ್ ಇದೆಯಲ್ಲ, 2021ರ ಒಳನಾಡು ಹಡಗುಗಳ ಕಾಯ್ದೆಯಂತೆ ತಪಾಸಣೆಯೂ ಬೇಕು, ನೋಂದಣಿಯೂ ಬೇಕು; 1917ರ ಕಾಯ್ದೆ ಹೋಗಿ ಬಂದದ್ದು ಇದು. ಸಿಕ್ಕ ಸಂಖ್ಯೆ ದೋಣಿಯ ಮೇಲೆ ಎದ್ದು ಕಾಣಬೇಕು.

ಮೊದಲು ಬೈಕ್ ನಂಬರ್ ಪ್ಲೇಟ್ ಮಾಡುವ ಒಂದು ಅಂಗಡಿಯಲ್ಲಿ 350 ರೂಪಾಯಿಗೆ ಸ್ಟಿಕ್ಕರ್ ಹಾಕಿಸಿದೆ. ಎರಡೇ ವಾರಕ್ಕೆ 8ರ ಎಡಭಾಗ ಸುಲಿದು 3 ಆಯಿತು. ಕಾಗದದಲ್ಲಿ ಒಂದು ದೋಣಿ, ನೀರಿನಲ್ಲಿ ಇನ್ನೊಂದು!

ಆಮೇಲೆ ಸಿಕ್ಕವರು ಮಂಡಿಪೇಟೆಯ ಗಲ್ಲಿಯೊಂದರಲ್ಲಿ ಬೋರ್ಡ್ ಬರೆಯುವ ಹಿರಿಯರು. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆಯಾಗಿದೆ, ಕೈ ಮಾತ್ರ ಹಾಗೆಯೇ ಇದೆ. ಅವರು ಕೇಳಿದ ಮೊದಲ ಪ್ರಶ್ನೆ: “ಯಜಮಾನರೇ, ಇದನ್ನು ಓದುವವರು ದೋಣಿಯ ಪಕ್ಕ ಇರುತ್ತಾರೋ, ದಡದಲ್ಲಿ ನಿಂತಿರುತ್ತಾರೋ?” ದಡದಲ್ಲಿ ಎಂದೆ. ಅಕ್ಷರದ ಎತ್ತರ ಅಲ್ಲಿಯೇ ತೀರ್ಮಾನವಾಯಿತು. ಮೊಬೈಲಿನಲ್ಲಿದ್ದ ನಂಬರನ್ನು ನಂಬಲಿಲ್ಲ, ನೋಂದಣಿ ಪತ್ರದ ನಕಲು ತರಿಸಿಕೊಂಡರು.

ಫೈಬರ್ ಮೈ ಗಾಜಿನಂತೆ ನುಣುಪು, ಬಣ್ಣ ಹಿಡಿಯುವುದಿಲ್ಲ. ಉಪ್ಪುಕಾಗದದಲ್ಲಿ ಉಜ್ಜಿ, ಥಿನ್ನರ್ ಬಟ್ಟೆಯಿಂದ ಒರೆಸಿ, ಸುಣ್ಣದ ದಾರ ಹಿಡಿದು ಗೆರೆ ಹೊಡೆದರು. ಮೂತಿಯ ಕಡೆ ದೋಣಿ ಬಾಗುತ್ತದೆ. ಅಕ್ಷರಗಳನ್ನು ಸಮ ಅಂತರದಲ್ಲಿ ಬರೆದರೆ ದೂರಕ್ಕೆ ಒತ್ತೊತ್ತಾಗಿ ಕಾಣುತ್ತವಂತೆ. ಅಲ್ಲಿ ಬೇಕೆಂದೇ ಬಿಡಿಸಿ ಬರೆದರು. ನೀಲಿಯ ಮೇಲೆ ಬಿಳಿ, ಎರಡು ಕೋಟ್, ಎರಡೂ ಬದಿಗೆ. 1,400 ರೂಪಾಯಿ.

ದೂರುಗಳೂ ಇವೆ. ನಾಳೆ ಎಂದವರು ನಾಲ್ಕನೇ ದಿನ ಕೊಟ್ಟರು, ಅಷ್ಟೂ ದಿನ ದೋಣಿ ಗಲ್ಲಿಗೆ ಅಡ್ಡ ಬಿದ್ದು ಎದುರು ಮನೆಯವರ ಬೈಗುಳ ನನ್ನ ಪಾಲಿಗೆ ಬಂತು. ಬಿಲ್ ಕೇಳಬೇಡಿ. ಐದಕ್ಕೆ ನಾಲ್ಕು ಅಂಕ.

ಒಂದು ಮಳೆಗಾಲ ಕಳೆದಿದೆ, 8 ಇನ್ನೂ 8 ಆಗಿಯೇ ಇದೆ. ನಂಬರಿನ ಮಗ್ಗುಲಲ್ಲೇ ಕೇಳದೆ ‘ಶ್ರೀ ಹರಿಹರೇಶ್ವರ ಪ್ರಸನ್ನ’ ಎಂದೂ ಬರೆಯಹೊರಟಿದ್ದರು. ನಂಬರ್ ಒಂದೇ ಎದ್ದು ಕಾಣಲಿ ಎಂದು ತಡೆದೆ. ದೇವರ ಹೆಸರು ಈಗ ಒಳಗಡೆ, ಹಿಂದಿನ ಸೀಟಿನ ಕೆಳಗಿದೆ.