ಅಂಗಡಿಯಲ್ಲಿ ಬೆಣ್ಣೆಯಂತಿದ್ದ ಗಿಟಾರ್: ದುಬಾರಿ ವಾದ್ಯ ಕೊಳ್ಳುವ ಮಲೆನಾಡಿನವರಿಗೆ ಒಂದು ಎಚ್ಚರಿಕೆ

ಕಳೆದ ಫೆಬ್ರುವರಿಯಲ್ಲಿ ನಾನು 2,10,000 ರೂಪಾಯಿ ಕೊಟ್ಟು ಬೆಂಗಳೂರಿನ ಒಂದು ಅಂಗಡಿಯಿಂದ ಎಲೆಕ್ಟ್ರಿಕ್ ಗಿಟಾರ್ ತಂದೆ. ಹನ್ನೊಂದು ದಿನ ಕಳೆಯುವಷ್ಟರಲ್ಲಿ ಅದು ವೇದಿಕೆಯ ಮೇಲೆ ನುಡಿಸಲಾಗದ ಸ್ಥಿತಿಗೆ ಬಂತು. ಅಂಗಡಿಯ ಹೆಸರನ್ನಾಗಲಿ, ಗಿಟಾರ್ ತಯಾರಿಸಿದ ಕಂಪನಿಯ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ವ್ಯಾಜ್ಯ ಇನ್ನೂ ಮುಗಿದಿಲ್ಲ. ಶಿವಮೊಗ್ಗ, ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆಯಿಂದ ಇಷ್ಟು ಬೆಲೆಯ ವಾದ್ಯ ಕೊಳ್ಳಲು ಹೊರಟವರು ಹಣ ಕೊಡುವ ಮುನ್ನ ಇದನ್ನು ಓದಿಕೊಳ್ಳಲಿ ಎಂಬುದಷ್ಟೇ ನನ್ನ ಉದ್ದೇಶ. ನಾನು ಮೋಸಹೋದ ಬಗೆಗೂ ನಮ್ಮ ಮಳೆಗೂ ಸಂಬಂಧವಿದೆ, ಅದನ್ನು ಮುಂದೆ ಹೇಳುತ್ತೇನೆ.

ಹದಿನಾಲ್ಕು ವರ್ಷಗಳಿಂದ ಗಣಪತಿ ಹಬ್ಬದ ಪೆಂಡಾಲುಗಳಲ್ಲಿ, ಜಾತ್ರೆಗಳಲ್ಲಿ, ಮದುವೆ ಮನೆಗಳಲ್ಲಿ ರಸಮಂಜರಿ ಕಾರ್ಯಕ್ರಮಗಳಿಗೆ ಗಿಟಾರ್ ನುಡಿಸುತ್ತಿದ್ದೇನೆ. ಇಷ್ಟು ದಿನ ಬಳಸಿದ್ದು ಹದಿನೆಂಟು ಸಾವಿರದ ವಾದ್ಯ. ಈ ಸಲ ಅಡಿಕೆ ಮಾರಿದ ಹಣದಲ್ಲಿ ನನ್ನ ಪಾಲನ್ನು ಅಪ್ಪಯ್ಯ ಕೈಗೆ ಕೊಟ್ಟು, ಒಳ್ಳೆಯದನ್ನೇ ನೋಡಿ ತಾ ಎಂದರು. ನಮ್ಮಲ್ಲಿ ಕಲಿಯುವವರ ಗಿಟಾರ್ ಸಿಗುತ್ತದೆ, ಲಕ್ಷ ದಾಟಿದ ವಾದ್ಯಗಳನ್ನು ಕೈಯಲ್ಲಿ ಹಿಡಿದು ನೋಡಬೇಕಾದರೆ ಬೆಂಗಳೂರಿಗೇ ಹೋಗಬೇಕು. ಮುಂಜಾನೆಯ ಜನಶತಾಬ್ದಿ ಹತ್ತಿ, ಸಂಜೆಯ ಗಾಡಿಗೆ ವಾಪಸಾಗುವ ಲೆಕ್ಕದಲ್ಲಿ ಹೋದೆ. ಗಡಿಯಾರ ನೋಡಿಕೊಂಡೇ ಅಂಗಡಿಗೆ ಕಾಲಿಟ್ಟದ್ದು ನನ್ನ ಮೊದಲ ತಪ್ಪು.

ಅಂಗಡಿಯವರು ಗೋಡೆಯಿಂದ ಇಳಿಸಿಕೊಟ್ಟ ಗಿಟಾರ್ ನೋಡಲು ಬಹಳ ಚೆನ್ನಾಗಿತ್ತು. ಇಪ್ಪತ್ತೈದೂವರೆ ಇಂಚಿನ ಸ್ಕೇಲ್ (ತಂತಿಯ ನುಡಿಯುವ ಭಾಗದ ಉದ್ದ), ರೋಸ್‌ವುಡ್ ಫಿಂಗರ್‌ಬೋರ್ಡ್, 22 ಫ್ರೆಟ್, ಅಂದರೆ ಬೆರಳೊತ್ತುವ ಆ ಹಲಗೆಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳು. ಕೈಗೆತ್ತಿಕೊಂಡು ಎರಡು ಸ್ವರ ನುಡಿಸುವಷ್ಟರಲ್ಲಿ ಮನಸ್ಸು ಅಲ್ಲಿಯೇ ನಿಂತುಬಿಟ್ಟಿತು. ತಂತಿಗಳು ಬೆಣ್ಣೆಯಂತಿದ್ದವು. ನನ್ನ ಹಳೆಯ ಗಿಟಾರಿನಲ್ಲಿ ಬೆರಳು ನೋಯುವಷ್ಟು ಎಳೆಯಬೇಕಾಗಿದ್ದ ಬೆಂಡ್ (ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಏರಿಸುವುದು) ಇಲ್ಲಿ ಮುಟ್ಟಿದರೆ ಬಂದುಬಿಡುತ್ತಿತ್ತು. ಆಕ್ಷನ್, ಅಂದರೆ ಫ್ರೆಟ್ಟಿನಿಂದ ತಂತಿಗಿರುವ ಎತ್ತರ, ಕಣ್ಣಳತೆಗೆ ಬಹಳ ಕಡಿಮೆ ಇತ್ತು. ಆಂಪ್ಲಿಫೈಯರಿಗೆ ಜೋಡಿಸಿಕೊಟ್ಟವರು ಡಿಸ್ಟಾರ್ಷನ್ನನ್ನೂ ರಿವರ್ಬನ್ನೂ ಸಾಕಷ್ಟು ಏರಿಸಿಯೇ ಕೊಟ್ಟಿದ್ದರು. ಆ ಮೊರೆತದಲ್ಲಿ ತಂತಿ ಫ್ರೆಟ್ಟಿಗೆ ತಾಗುವ ಸದ್ದು ಎಲ್ಲಿ ಕೇಳಿಸೀತು? ಸೆಟಪ್, ಅಂದರೆ ವಾದ್ಯವನ್ನು ಹೊಂದಿಸಿರುವ ಬಗೆ, ಒಮ್ಮೆ ನೋಡಬಹುದೇ ಎಂದು ಕೇಳಿದೆ. “ಈ ರೇಂಜಿನ ಗಿಟಾರಿಗೆ ಅದೆಲ್ಲ ಬೇಡ ಸರ್, ಫ್ಯಾಕ್ಟರಿಯಿಂದಾನೇ ಪಕ್ಕಾ ಆಗಿ ಬಂದಿರುತ್ತೆ” ಎಂದರು. ನಂಬಿದೆ.

ಅಂಗಡಿಯಲ್ಲಿಯೇ ಒಂದು ಸೂಚನೆ ನನ್ನ ಕೈಗೆ ಸಿಕ್ಕಿತ್ತು. ತಂತಿಯ ದನಿಯನ್ನು ಅಡಗಿಸಲು ಬಲ ಅಂಗೈಯ ಅಂಚನ್ನು, ಗಿಟಾರಿನ ಮೈಮೇಲೆ ತಂತಿಗಳು ಕೂರುವ ಬ್ರಿಜ್ಜಿನ ಮೇಲೆ ಇಟ್ಟಾಗ ಏನೋ ಚುಚ್ಚಿದಂತಾಯಿತು. ಬಗ್ಗಿ ನೋಡಿದರೆ, ಅಲ್ಲಿ ಒಂದೊಂದು ತಂತಿಯನ್ನೂ ಹೊರುವ ಸ್ಯಾಡಲ್‌ಗಳ ಪುಟ್ಟ ಸ್ಕ್ರೂಗಳ ತಲೆ ಮೇಲಕ್ಕೆ ಎದ್ದು ನಿಂತಿದ್ದವು. ಸ್ಯಾಡಲನ್ನು ತೀರ ತಳಕ್ಕೆ ಇಳಿಸಿದರೆ ಮಾತ್ರ ಆ ಸ್ಕ್ರೂಗಳು ಹಾಗೆ ಎದ್ದು ಬರುತ್ತವೆ. ನೆಕ್, ಅಂದರೆ ಕೈ ಹಿಡಿಯುವ ಉದ್ದನೆಯ ಕತ್ತು, ನೆಟ್ಟಗಿರುವ ಗಿಟಾರಿನಲ್ಲಿ ಸ್ಯಾಡಲ್ಲನ್ನು ತಳ ಮುಟ್ಟಿಸುವ ಅಗತ್ಯವೇ ಬರುವುದಿಲ್ಲ. ಇದು ನನಗೆ ತಿಳಿಯದ ಸಂಗತಿಯಲ್ಲ, ಆದರೆ ಆ ಹೊತ್ತಿನಲ್ಲಿ ಕೊಳ್ಳುವ ಆಸೆ ಮುಂದಾಯಿತು. ಹಣ ಕಟ್ಟಿ, ಕೇಸನ್ನು ತೊಡೆಯ ಮೇಲಿಟ್ಟುಕೊಂಡು ಊರಿಗೆ ಬಂದೆ.

ಮರುದಿನ ತಾಲೀಮಿನ ಕೋಣೆಯಲ್ಲಿ ಕೀಬೋರ್ಡಿನವರು ಮೊದಲ ಸ್ವರ ಒತ್ತಿದ ಕೂಡಲೇ ವಿಷಯ ಬಯಲಾಯಿತು. ನನ್ನ ಗಿಟಾರ್ ಅರ್ಧ ಸ್ವರ ಕೆಳಗಿತ್ತು. ಆರೂ ತಂತಿಗಳು ಒಂದಕ್ಕೊಂದು ಹೊಂದಿಕೊಂಡೇ ಇದ್ದುದರಿಂದ, ಜೊತೆಗೆ ಬೇರೆ ವಾದ್ಯವಿಲ್ಲದ ಅಂಗಡಿಯಲ್ಲಿ ಕಿವಿಗೆ ಏನೂ ವ್ಯತ್ಯಾಸ ತಿಳಿದಿರಲಿಲ್ಲ. ಫೋನಿನಲ್ಲಿ ಟ್ಯೂನರ್ ಇತ್ತು; ಅಂಗಡಿಯಲ್ಲಿ ಅದನ್ನು ತೆರೆದು ನೋಡಲು ಅರ್ಧ ನಿಮಿಷ ಸಾಕಿತ್ತು. ಶ್ರುತಿಯನ್ನು ಸರಿಯಾದ ಮಟ್ಟಕ್ಕೆ ಏರಿಸಿದೆ. ಅಂಗಡಿಯಲ್ಲಿ ಮನಸೋತ ಆ ಮೃದುತ್ವ ಅಲ್ಲಿಗೇ ಅರ್ಧ ಹೋಯಿತು. ಆಮೇಲೆ ಕಂಪನಿಯ ವಿವರ ಓದಿದಾಗ ಈ ಮಾದರಿಗೆ ಕಾರ್ಖಾನೆಯಲ್ಲಿ ಹಾಕುವುದು 10–46ರ ತಂತಿ (ಅತಿ ಸಣ್ಣ ಮತ್ತು ಅತಿ ದಪ್ಪ ತಂತಿಯ ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ) ಎಂದು ಗೊತ್ತಾಯಿತು. ಪರಿಚಯದ ಗ್ಯಾರೇಜಿನಲ್ಲಿ ಮೈಕ್ರೋಮೀಟರ್ ಹಿಡಿದು ಅಳೆದರೆ ನನ್ನ ಗಿಟಾರಿನಲ್ಲಿದ್ದದ್ದು 9–42. ಯಾರೋ ತಂತಿ ಬದಲಿಸಿದ್ದರು.

ಇಲ್ಲಿ ಸ್ವಲ್ಪ ನಿಂತು ಲೆಕ್ಕ ನೋಡಬೇಕು. ಈ ಸ್ಕೇಲಿನ ಗಿಟಾರಿನಲ್ಲಿ 10–46ರ ತಂತಿಗಳನ್ನು ಸರಿಯಾದ ಶ್ರುತಿಗೆ ಏರಿಸಿದಾಗ ಆರೂ ಸೇರಿ ನೆಕ್ಕಿನ ಮೇಲೆ ಬೀಳುವ ಎಳೆತ ಸುಮಾರು 46 ಕಿಲೋಗ್ರಾಂ ತೂಕದಷ್ಟು. 9–42 ಹಾಕಿದರೆ ಅದು 38ರ ಆಸುಪಾಸಿಗೆ ಇಳಿಯುತ್ತದೆ. ಅದೇ ತಂತಿಯನ್ನು ಅರ್ಧ ಸ್ವರ ಇಳಿಸಿದರೆ ಎಳೆತ ಇನ್ನೂ ಶೇಕಡಾ 11ರಷ್ಟು ತಗ್ಗಿ 34ಕ್ಕೆ ಬರುತ್ತದೆ. ಅಂದರೆ ಅಂಗಡಿಯ ಗೋಡೆಯ ಮೇಲೆ ಆ ನೆಕ್ ತಾನು ಹೊರಬೇಕಾದ ಭಾರಕ್ಕಿಂತ ಹನ್ನೆರಡು ಕಿಲೋ ಕಡಿಮೆ ಹೊತ್ತುಕೊಂಡು ನೆಟ್ಟಗೆ ಕಾಣುತ್ತಿತ್ತು. ನನ್ನ ಬೆರಳು ಮೆಚ್ಚಿದ್ದು ಮರದ ಕೆಲಸವನ್ನಲ್ಲ, ಸಡಿಲ ತಂತಿಯನ್ನು.

ಹಾಗಿದ್ದರೂ ಸರಿಪಡಿಸಿಕೊಳ್ಳಬಹುದು ಎಂದುಕೊಂಡು 10ರ ತಂತಿ ಹಾಕಿದೆ. ಮೂರು ದಿನದಲ್ಲಿ ನೆಕ್ ಮುಂದಕ್ಕೆ ಬಾಗಿತು. ಹನ್ನೆರಡನೆಯ ಫ್ರೆಟ್ಟಿನ ಮೇಲೆ ಸ್ಟೀಲ್ ಸ್ಕೇಲ್ ಇಟ್ಟು ನೋಡಿದರೆ ಆರನೆಯ, ಅಂದರೆ ಅತಿ ದಪ್ಪದ ತಂತಿ 3 ಮಿಲಿಮೀಟರ್ ಎತ್ತರದಲ್ಲಿತ್ತು. 2ರ ಆಸುಪಾಸಿನಲ್ಲಿ ಇರಬೇಕಾದದ್ದು. ಸ್ಯಾಡಲ್ ಇಳಿಸೋಣವೆಂದರೆ ಅದು ಆಗಲೇ ತಳ ಮುಟ್ಟಿತ್ತು. ಉಳಿದದ್ದು ಟ್ರಸ್ ರಾಡ್ ಒಂದೇ. ನೆಕ್ಕಿನ ಒಳಗೆ ಉದ್ದಕ್ಕೂ ಕೂರಿಸಿರುವ ಈ ಉಕ್ಕಿನ ಸರಳು ತಂತಿಗಳ ಎಳೆತಕ್ಕೆ ಎದುರಾಗಿ ನಿಂತು ನೆಕ್ಕನ್ನು ಹಿಡಿದಿಡುತ್ತದೆ. ಬಿಗಿ ಮಾಡಿದರೆ ನೆಕ್ ಹಿಂದಕ್ಕೆ, ಸಡಿಲಿಸಿದರೆ ಮುಂದಕ್ಕೆ. 1920ರ ದಶಕದಲ್ಲಿ ಗಿಬ್ಸನ್ ಕಂಪನಿ ಹೊಂದಿಸಬಹುದಾದ ಸರಳಿಗೆ ಪೇಟೆಂಟ್ ಪಡೆದ ಮೇಲೆ ಈ ಏರ್ಪಾಡು ಗಿಟಾರಿನ ಲೋಕದಲ್ಲೆಲ್ಲ ಹರಡಿತು. ಕೀ ಹಾಕಿ ಬಿಗಿ ಮಾಡಲು ನೋಡಿದೆ. ಕಾಲು ಸುತ್ತೂ ತಿರುಗಲಿಲ್ಲ. ಬಲ ಹಾಕದೆ ಅಲ್ಲಿಗೇ ಬಿಟ್ಟೆ, ಆ ಒಂದು ವಿವೇಕಕ್ಕೆ ಇಂದಿಗೂ ಸಮಾಧಾನವಿದೆ. ಹಟ ಹಿಡಿದು ತಿರುಗಿಸಿದ್ದರೆ ಸರಳಿನ ಮರೆ, ಅಂದರೆ ನಟ್ಟು ಸುತ್ತುವ ಥ್ರೆಡ್, ಕಿತ್ತುಹೋಗುತ್ತಿತ್ತು, ಇಲ್ಲವೇ ಸರಳೇ ತುಂಡಾಗುತ್ತಿತ್ತು.

ರಿಪೇರಿಯವರು ಸರಳಿನ ನಟ್ಟನ್ನು ಬಿಚ್ಚಿ ತೋರಿಸಿದಾಗ ಪೂರ್ತಿ ಅರ್ಥವಾಯಿತು. ಮರೆಯ ಕೊನೆಯವರೆಗೂ ಬಿಗಿ ಮಾಡಿ ಮುಗಿಸಿದ್ದರು. ಬಹಳ ಕಾಲ ಎ.ಸಿ. ಶೋರೂಮಿನಲ್ಲಿ ತೂಗುಬಿದ್ದು ಮುಂದಕ್ಕೆ ಬಾಗಿದ್ದ ಪ್ರದರ್ಶನದ ಪೀಸ್ ಅದು ಎಂಬುದು ಅವರ ಅಭಿಪ್ರಾಯ, ನನಗೂ ಅದೇ ಸರಿ ಎನಿಸುತ್ತದೆ. ಸರಳಿನಲ್ಲಿ ಇನ್ನು ತಿರುಗಲು ಜಾಗವಿಲ್ಲದಾಗ ಸಣ್ಣ ತಂತಿ ಹಾಕಿ, ಶ್ರುತಿ ಇಳಿಸಿ, ಸ್ಯಾಡಲ್ ತಗ್ಗಿಸಿ, ಕೊಳ್ಳುವವನ ಬೆರಳಿಗೆ ಹಿತವಾಗುವಂತೆ ಮಾಡಿಟ್ಟಿದ್ದಾರೆ. ಒಂದೊಂದನ್ನೇ ಬಿಡಿಯಾಗಿ ನೋಡಿದರೆ ಯಾವುದೂ ತಪ್ಪಲ್ಲ. ಸರಳಿನ ಬಿಗಿಯೂ ಸೇರಿ ನಾಲ್ಕೂ ಒಂದೇ ಗಿಟಾರಿನಲ್ಲಿ ಸೇರಿದ್ದು ಆಕಸ್ಮಿಕವೆಂದು ನಾನು ಒಪ್ಪಲಾರೆ.

ಇದು ನಮ್ಮ ಕಡೆಯವರಿಗೆ ಯಾಕೆ ಹೆಚ್ಚು ಮುಖ್ಯ ಎಂದರೆ, ಮರ ನಮ್ಮಲ್ಲಿ ಸುಮ್ಮನಿರುವುದಿಲ್ಲ. ಗಿಟಾರ್ ತಯಾರಕರು ಸಾಮಾನ್ಯವಾಗಿ ಹೇಳುವ ತೇವಾಂಶ ಶೇಕಡಾ 45ರಿಂದ 55. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಲ್ಲಿಂದ ಬಹಳ ದೂರವಿಲ್ಲದ ನಮ್ಮ ಮನೆಯಲ್ಲಿ ಆಷಾಢದ ದಿನಗಳಲ್ಲಿ ಉಪ್ಪು ನೀರೊಡೆಯುತ್ತದೆ, ದೇವರ ಕೋಣೆಯ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಮಾರ್ಚ್ ಬಂತೆಂದರೆ ಅದೇ ಬಾಗಿಲು ಬಡಿದುಕೊಳ್ಳುತ್ತದೆ. ಗಿಟಾರಿನ ನೆಕ್ಕೂ ಮರವೇ. ಒಣಗಿದಾಗ ಫಿಂಗರ್‌ಬೋರ್ಡ್ ಕುಗ್ಗಿ ಫ್ರೆಟ್ಟಿನ ತುದಿಗಳು ಅಂಚಿನಲ್ಲಿ ಹೊರಚಾಚಿ ಅಂಗೈಯನ್ನು ಗೀರುತ್ತವೆ. ಮಳೆಗಾಲದಲ್ಲಿ ಮರ ತೇವ ಹೀರಿ ನೆಕ್ಕಿನ ಬಾಗು ಬದಲಾಗುತ್ತದೆ. ಆದ್ದರಿಂದ ನಮ್ಮಲ್ಲಿ ವರ್ಷಕ್ಕೆ ಎರಡು ಸಲವಾದರೂ ಟ್ರಸ್ ರಾಡನ್ನು ಸ್ವಲ್ಪ ಹೊಂದಿಸಿಕೊಳ್ಳಬೇಕಾಗುತ್ತದೆ. ಎರಡೂ ಕಡೆಗೆ ತಿರುಗಲು ಜಾಗ ಉಳಿದಿರದ ಸರಳಿನ ಗಿಟಾರ್ ಬೇರೆಲ್ಲಾದರೂ ನಾಲ್ಕು ದಿನ ನಡೆದೀತು, ಮಲೆನಾಡಿನಲ್ಲಿ ಒಂದು ಮಳೆಗಾಲ ದಾಟುವುದೂ ಕಷ್ಟ.

ಅಂಗಡಿಗೆ ಫೋನ್ ಮಾಡಿದಾಗ, ತಂತಿ ಬದಲಿಸಿದ್ದೀರಿ, ಆದ್ದರಿಂದ ವಾರಂಟಿ ಹೋಯಿತು ಎಂದರು. ಪ್ರದರ್ಶನಕ್ಕಿಟ್ಟಿದ್ದ ಪೀಸ್ ಎಂದು ಬಿಲ್ಲಿನಲ್ಲಿ ಎಲ್ಲಿಯೂ ಬರೆದಿರಲಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ, ಉತ್ತರ ಬರಲಿಲ್ಲವೆಂದು ನೋಟಿಸ್ ಕಳಿಸಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಂಡ ಊರಿಗೇ ಹೋಗಬೇಕೆಂದಿಲ್ಲ, ನಾವು ವಾಸವಿರುವ ಜಿಲ್ಲೆಯ ಆಯೋಗದಲ್ಲಿಯೇ ಎರಡು ವರ್ಷದೊಳಗೆ ದೂರು ದಾಖಲಿಸಬಹುದು. ಹಾಗಾಗಿ ಶಿವಮೊಗ್ಗದಲ್ಲಿಯೇ ದಾಖಲಿಸಿದ್ದೇನೆ. ಕೊಂಡ ದಿನವೇ ನಾಲ್ಕು ಫೋಟೊ ತೆಗೆದಿದ್ದರೆ ನನ್ನ ಕೈ ಇನ್ನಷ್ಟು ಗಟ್ಟಿಯಾಗಿರುತ್ತಿತ್ತು. ರಿಪೇರಿಯವರು ಸರಳಿಗೆ ವಾಷರ್ ಸೇರಿಸಿ, ನೆಕ್ಕನ್ನು ಕ್ಲ್ಯಾಂಪಿಗೆ ಹಾಕಿ ನೆಟ್ಟಗೆ ಮಾಡಿ, ಫ್ರೆಟ್ಟುಗಳನ್ನು ಸಮಮಾಡಿ ಕೊಟ್ಟರು. ಅದಕ್ಕೆ 9,500 ರೂಪಾಯಿ, ಮೂರು ವಾರ. ಈಗ ನುಡಿಯುತ್ತದೆ, ಆದರೆ ಸರಳಿನಲ್ಲಿ ಉಳಿದಿರುವುದು ಅರ್ಧ ಸುತ್ತು ಮಾತ್ರ.

ಮಂಡಿಯಲ್ಲಿ ಅಡಿಕೆ ನೋಡುವವರು ಮೂಟೆಯ ಬಾಯಲ್ಲಿದ್ದದ್ದನ್ನು ನೋಡಿ ಬೆಲೆ ಕಟ್ಟುವುದಿಲ್ಲ, ಒಳಗೆ ಕೈಹಾಕಿ ತೆಗೆದು ಒಡೆದು ನೋಡುತ್ತಾರೆ. ಗಿಟಾರನ್ನೂ ಹಾಗೆಯೇ ನೋಡಬೇಕಿತ್ತು. ಕೈಯಿಟ್ಟ ಕೂಡಲೇ ನುಡಿಸಬೇಡಿ, ಮೊದಲು ಟ್ಯೂನರಿನಲ್ಲಿ ಶ್ರುತಿ ನೋಡಿ, ತಂತಿ ಯಾವ ಗಾತ್ರದ್ದೆಂದು ಕೇಳಿ, ನೀವು ಬಳಸುವ ಗಾತ್ರ ಬೇರೆಯಾದರೆ ಅದನ್ನೇ ಹಾಕಿಸಿ, ಎಷ್ಟು ಹೊತ್ತಾದರೂ ಅಲ್ಲಿಯೇ ಕಾಯಿರಿ. ಆಮೇಲೆ ಆರನೆಯ ತಂತಿಯನ್ನು ಮೊದಲ ಫ್ರೆಟ್ಟಿನಲ್ಲಿಯೂ ಕೊನೆಯ ಫ್ರೆಟ್ಟಿನಲ್ಲಿಯೂ ಒಟ್ಟಿಗೆ ಒತ್ತಿ ಹಿಡಿದು, ಏಳು ಎಂಟನೆಯ ಫ್ರೆಟ್ಟಿನ ಹತ್ತಿರ ತಂತಿಯ ಕೆಳಗೆ ಎಷ್ಟು ಸಂದು ಇದೆ ನೋಡಿ; ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು, ಸುಮಾರು ಕಾಲು ಮಿಲಿಮೀಟರ್, ಇದ್ದರೆ ಸಾಕು. ಗ್ಯಾರೇಜಿನಲ್ಲಿ ಸಂದು ಅಳೆಯಲು ಬಳಸುವ ಫೀಲರ್ ಗೇಜ್ ಒಯ್ದರೆ ಇನ್ನೂ ಒಳ್ಳೆಯದು. ಆಂಪ್ಲಿಫೈಯರ್ ಹಾಕುವ ಮುನ್ನವೇ ಆರು ತಂತಿ, 22 ಫ್ರೆಟ್, ಒಟ್ಟು 132 ಕಡೆಯೂ ಒಂದೊಂದಾಗಿ ಮೀಟಿ ಕೇಳಿ. ಮೊದಲ ತಂತಿಯನ್ನು ಹನ್ನೆರಡರಿಂದ ಹದಿನೇಳನೆಯ ಫ್ರೆಟ್ಟಿನವರೆಗೆ ಒಂದು ಪೂರ್ತಿ ಸ್ವರ ಬೆಂಡ್ ಮಾಡಿ. ದನಿ ಎಲ್ಲಿಯಾದರೂ ಉಸಿರುಗಟ್ಟಿ ಸತ್ತರೆ ಫ್ರೆಟ್ ಏರುಪೇರಾಗಿದೆ. ಹನ್ನೆರಡನೆಯ ಫ್ರೆಟ್ಟಿನ ಹಾರ್ಮೋನಿಕ್ಕೂ (ತಂತಿಯನ್ನು ಒತ್ತದೆ ಬರೀ ಸೋಕಿ ನುಡಿಸಿದ ಸ್ವರ) ಅಲ್ಲಿಯೇ ಒತ್ತಿ ನುಡಿಸಿದ ಸ್ವರವೂ ಟ್ಯೂನರಿನಲ್ಲಿ ಒಂದೇ ಆಗಿರಬೇಕು. ಇವುಗಳಲ್ಲಿ ಬಹಳಷ್ಟನ್ನು ಆಮೇಲೆ ಸರಿಪಡಿಸಿಕೊಳ್ಳಬಹುದು. ಸುಲಭವಾಗಿ ಸರಿಪಡಿಸಲಾಗದ್ದು ಸರಳು. ಹಾಗಾಗಿ ಅಂಗಡಿಯ ತಂತ್ರಜ್ಞರನ್ನೇ ಕರೆಸಿ, ನಿಮ್ಮ ಕಣ್ಣೆದುರಿಗೆ ಟ್ರಸ್ ರಾಡನ್ನು ಕಾಲು ಸುತ್ತು ಸಡಿಲಿಸಿ, ಮತ್ತೆ ಬಿಗಿ ಮಾಡಿ, ಅದಕ್ಕಿಂತ ಮೇಲೂ ಕೀ ಆರಾಮಾಗಿ ತಿರುಗುತ್ತದೆ ಎಂದು ತೋರಿಸಲು ಹೇಳಿ. ನಿರಾಕರಿಸಿದರೆ ಗಿಟಾರನ್ನು ಗೋಡೆಗೆ ವಾಪಸು ಕೊಡಿ.

ಕಳೆದ ತಿಂಗಳು ನಮ್ಮ ತಂಡದ ಸಾಗರದ ಹುಡುಗನೊಬ್ಬ ಇಂಥದ್ದೇ ಬೆಲೆಯ ಗಿಟಾರ್ ಕೊಳ್ಳಬೇಕೆಂದಾಗ ನಾನೂ ಜೊತೆಗೆ ಹೋದೆ, ಬೇರೆ ಅಂಗಡಿಗೆ. ಸ್ಟೀಲ್ ಸ್ಕೇಲ್, ಫೀಲರ್ ಗೇಜ್, ಎರಡು ಸೆಟ್ 10ರ ತಂತಿ ಚೀಲದಲ್ಲಿದ್ದವು. ಅವನು ಮೆಚ್ಚಿದ ಮೊದಲ ಗಿಟಾರಿನ ಕೀ ಬಿಗಿಯ ಕಡೆಗೆ ಅಲುಗಲೇ ಇಲ್ಲ. “ಅಣ್ಣಾ, ಇದು ಬ್ಯಾಡ” ಎಂದು ಅವನೇ ಕೆಳಗಿಟ್ಟ. ಎರಡನೆಯದು ಎರಡೂ ಕಡೆಗೆ ಮೆತ್ತಗೆ ತಿರುಗಿತು. ಹೊಸ ತಂತಿ ಹಾಕಿಸಿ, ಶ್ರುತಿ ಏರಿಸಿ, ಒಂದು ಗಂಟೆ ಅಲ್ಲಿಯೇ ಕುಳಿತು ಮತ್ತೆ ಅಳೆದೆವು. ಅಷ್ಟರಲ್ಲಿ ಸಂಜೆಯ ಗಾಡಿ ಹೊರಟುಹೋಗಿತ್ತು. ರಾತ್ರಿ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬಂದಿಳಿದಾಗ ಬೆಳಗಿನ ಜಾವವಾಗಿತ್ತು.