ವಾಸಕ್ಕೂ ಸಂಚಾರಕ್ಕೂ ಒಂದೇ ವ್ಯಾನ್: ಈಕೋ, ವಿಂಗರ್ ಅಥವಾ ಟ್ರಾವೆಲರ್

ಕಾಸರಗೋಡಿನಲ್ಲಿದ್ದು ವ್ಯಾನನ್ನೇ ಮನೆಯಾಗಿಸಿಕೊಳ್ಳಬಯಸುವವರು ಎಂಜಿನ್ನಿಗಿಂತ ಮೊದಲು ಒಳಗಿನ ಎತ್ತರವನ್ನು ಅಳೆಯಬೇಕು. ಏಕೆಂದರೆ ಆಟಿಯ ಮಳೆಯಲ್ಲಿ ಗಂಜಿ ಬೇಯಿಸುವುದೂ ಒದ್ದೆ ಬಟ್ಟೆ ಬದಲಿಸುವುದೂ ಬಾಗಿಲು ಮುಚ್ಚಿಕೊಂಡೇ ಆಗಬೇಕು.

ಸುಮಾರು 3.7 ಮೀಟರ್ ಉದ್ದದ, 1.2 ಲೀಟರ್ ಪೆಟ್ರೋಲ್ ಎಂಜಿನ್ನಿನ ಮಾರುತಿ ಈಕೋ ಈ ಮೂರರಲ್ಲಿ ಅಗ್ಗದ್ದು. ಬದಿಯಡ್ಕ, ಮುಳ್ಳೇರಿಯ ಕಡೆಯ ಅಡಿಕೆ ತೋಟಗಳ ನಡುವಿನ ಇಕ್ಕಟ್ಟಾದ ದಾರಿಗಳಲ್ಲೂ ಸಲೀಸಾಗಿ ತಿರುಗುತ್ತದೆ. ಆದರೆ ಅದರೊಳಗೆ ನೆಟ್ಟಗೆ ನಿಲ್ಲಲಾಗದು. ವಾರಾಂತ್ಯದಲ್ಲಿ ಬೇಕಲಕ್ಕೋ ರಾಣಿಪುರಕ್ಕೋ ಹೋಗಿಬರುವ ಇಬ್ಬರಿಗೆ ಅದು ಸಾಕು.

ವರ್ಷವಿಡೀ ವಾಸಿಸುವವರಿಗೆ ನಾನು ಎತ್ತರದ ಛಾವಣಿಯ ಫೋರ್ಸ್ ಟ್ರಾವೆಲರನ್ನೇ ಸೂಚಿಸುತ್ತೇನೆ. ಅದರ 2.6 ಲೀಟರ್ ಡೀಸೆಲ್ ಎಂಜಿನ್ ಹಿಂದಿನ ಚಕ್ರಗಳನ್ನು ತಿರುಗಿಸುವುದರಿಂದ, ಹಾಸಿಗೆ, ಕಪಾಟು, ನೀರಿನ ಟ್ಯಾಂಕಿಗಳ ಭಾರವೇ ಸಂಪಾಜೆ ಘಾಟಿಯ ಏರಿನಲ್ಲಿ ಚಕ್ರಗಳಿಗೆ ಹಿಡಿತ ಕೊಡುತ್ತದೆ. ಟಾಟಾ ವಿಂಗರಿನಲ್ಲಿ ಮುಂದಿನ ಚಕ್ರಗಳೇ ಎಳೆಯುತ್ತವೆ. ನೆಲ ತಗ್ಗಾಗಿರುವುದರಿಂದ ಹತ್ತಿಳಿಯಲು ಹಿತವಾದರೂ, 100 ಲೀಟರ್ ನೀರೆಂದರೆ 100 ಕಿಲೋ ಭಾರವಾದ್ದರಿಂದ, ಟ್ಯಾಂಕಿಯನ್ನು ತೀರಾ ಹಿಂದಕ್ಕಿಟ್ಟರೆ ಒದ್ದೆಯಾದ ಮುರಕಲ್ಲಿನ ಏರಿನಲ್ಲಿ ಮುಂಚಕ್ರಗಳು ಜಾರುತ್ತವೆ.

ಯಾವುದನ್ನೇ ಕೊಂಡರೂ, ಮೋಟಾರು ವಾಹನ ಕಾಯ್ದೆ, 1988ರ 52ನೆಯ ಕಲಮು ವಾಹನದ ಮಾರ್ಪಾಡನ್ನು ನಿರ್ಬಂಧಿಸುವುದರಿಂದ, ಬಡಗಿಯನ್ನು ಕರೆಯುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು.