ಭಾನುವಾರ ರಾತ್ರಿಗೆ ಯಾವ ಕಾವಲುಗಾರ?

ದಾವಣಗೆರೆಯ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮುಂದಿಟ್ಟುಕೊಂಡು ಭಾನುವಾರ ರಾತ್ರಿ ಒಂದೇ ಚಿತ್ರ ನೋಡುವುದಾದರೆ, 1974ರ ‘ಡೆತ್ ವಿಶ್’ ಮತ್ತು 2014ರ ‘ದಿ ಈಕ್ವಲೈಜರ್’ಗಳಲ್ಲಿ ನಾನು ಎರಡನೆಯದನ್ನೇ ಆರಿಸುತ್ತೇನೆ.

ಮೊದಲನೆಯದರಲ್ಲಿ ಚಾರ್ಲ್ಸ್ ಬ್ರಾನ್ಸನ್ ನ್ಯೂಯಾರ್ಕಿನ ಒಬ್ಬ ವಾಸ್ತುಶಿಲ್ಪಿ. ಹೆಂಡತಿಯ ಕೊಲೆಯಾದ ಮೇಲೆ ರಾತ್ರಿ ಹೊತ್ತು ಪಿಸ್ತೂಲು ಹಿಡಿದು ದರೋಡೆಕೋರರನ್ನು ಬೇಟೆಯಾಡುತ್ತಾನೆ. ಆದರೆ ನಿಜವಾದ ಕೊಲೆಗಡುಕರು ಅವನಿಗೆ ಕೊನೆಯವರೆಗೂ ಸಿಗುವುದಿಲ್ಲ. ಇದು ಕೇವಲ ಒಂದೂವರೆ ಗಂಟೆಯ ಚಿತ್ರ.

ಎರಡನೆಯದರಲ್ಲಿ ಡೆನ್ಜೆಲ್ ವಾಷಿಂಗ್ಟನ್ ಬೋಸ್ಟನ್ನಿನ ದೊಡ್ಡ ಹಾರ್ಡ್‌ವೇರ್ ಮಳಿಗೆಯ ನೌಕರ. ರಷ್ಯನ್ ಗ್ಯಾಂಗಿನ ಹಿಡಿತದಲ್ಲಿರುವ ಹುಡುಗಿಯನ್ನು ಬಿಡಿಸಲು ಅವನು ಮೊದಲು ಮುಂದಿಡುವುದು 9,800 ಡಾಲರ್ ಹಣವನ್ನು. ಅವರು ನಕ್ಕು ತಳ್ಳಿಹಾಕಿದ ನಂತರವಷ್ಟೇ ಕೈಗಡಿಯಾರದಲ್ಲಿ ಸಮಯ ಗುರುತಿಸಿಕೊಂಡು ಕೈ ಎತ್ತುತ್ತಾನೆ. ಕೊನೆಯ ಕಾಳಗದಲ್ಲಿ ಮಳಿಗೆಯ ಸರಕುಗಳೇ ಅವನ ಆಯುಧಗಳಾಗುತ್ತವೆ. (ಅದನ್ನು ನೋಡಿದಂದಿನಿಂದ ನಮ್ಮೂರಿನ ಅಂಗಡಿಯಲ್ಲಿ ಮೊಳೆ ತೂಗಿಸುವಾಗಲೆಲ್ಲ ತೂಗುವವನ ಮುಖವನ್ನು ಒಮ್ಮೆ ನೋಡುತ್ತೇನೆ.)

ಬ್ರಾನ್ಸನ್ನನದು ದುಃಖದಿಂದ ಹುಟ್ಟಿದ ಸಿಟ್ಟು, ವಾಷಿಂಗ್ಟನ್ನನದು ಇನ್ನೊಬ್ಬರಿಗಾಗಿ ಎದ್ದ ಸಿಟ್ಟು. ಎರಡರಲ್ಲಿಯೂ ರಕ್ತಪಾತವಿದ್ದು, ಮೊದಲನೆಯದರ ಆರಂಭದ ದೌರ್ಜನ್ಯದ ದೃಶ್ಯವಂತೂ ಮನೆಮಂದಿಯೊಂದಿಗೆ ಕುಳಿತು ನೋಡುವಂಥದ್ದಲ್ಲ.